ಕಡಿದ ತುದಿಗೆ ಕರಿ ಟೇಪು

ಜುಲೈ 19, ಶನಿವಾರ, ನಸುಕಿನ 4.10. ಹೊಳೆಹುಂಡಿ ಪೊಲೀಸ್ ಠಾಣೆಯ ಸಿಸಿಟಿವಿ ಪೆಟ್ಟಿಗೆ ಕೀಂಯ್ ಎಂದು ಒಮ್ಮೆ ಕೂಗಿ ಸುಮ್ಮನಾಯಿತು. ನೆಟ್ ಹೋದಾಗಲೆಲ್ಲ ಅದು ಹೀಗೇ ಕೂಗುತ್ತಿತ್ತು. ರಾತ್ರಿ ಪಾಳಿಯಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಶಾಂತಲಾ ಹಣೆ ಒತ್ತಿಕೊಂಡರು. ಈ ತಿಂಗಳಲ್ಲಿ ಇದು ಮೂರನೇ ಸಲ. ಬೆಳಗಾದರೆ ಮ್ಯಾನೇಜರ್ ರಘು ಬಂದು ಕೂರುತ್ತಾನೆ.

ಬಂದೇಬಿಟ್ಟ, ಎಂಟಕ್ಕೆ. ಕಬಿನಿ ಅಣೆಕಟ್ಟೆಯ ಕೆಳಗಿನ ಹನ್ನೊಂದು ಊರುಗಳಿಗೆ ಪುಕ್ಕಟೆ ವೈಫೈ ಕೊಟ್ಟ 'ಅಂಗೈ ನೆಟ್' ಕಂಪನಿಯವನು ಅವನು. ಠಾಣೆಗೂ ಅದೇ ವೈರು.

"ಮೇಡಂ, ದೂರಿನಲ್ಲಿ ಆನೆ ಅಂತ ಮಾತ್ರ ಬರೀಬೇಡಿ. ಹೋದ ಎರಡು ಸಲಾನೂ ಆನೆ ಅಂದ್ರಿ."

"ಆನೆ ಅಂದಿದ್ದು ನಿಮ್ಮ ಲೈನ್‌ಮನ್ ಯತೀಶ್, ನಾನಲ್ಲ."

"ಇದು ಬೇರೆ ಕಂಪನಿಯವರ ಕೆಲಸ. ಎಫ್‌ಐಆರ್ ಆಗ್ಬೇಕು. ಎಸ್‌ಪಿ ಸಾಹೇಬ್ರಿಗೂ ಹೇಳಿದೀನಿ."

9.15ಕ್ಕೆ ಎಫ್‌ಐಆರ್ ದಾಖಲಾಯಿತು. 10.30ಕ್ಕೆ ಹೊಳೆ ದಾರಿಯ ಹೊಂಗೆಮರದ ಬುಡದಲ್ಲಿ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ನಿಂಗಯ್ಯ ಕುಕ್ಕರುಗಾಲಲ್ಲಿ ಕೂತು ವೈರಿನ ತುದಿ ಎತ್ತಿ ತೋರಿಸಿದರು. ಕಡಿದ ಜಾಗಕ್ಕೆ ತೇವ ಸೇರದಂತೆ ಅಚ್ಚುಕಟ್ಟಾಗಿ ಕರಿ ಟೇಪು ಸುತ್ತಿತ್ತು.

"ನೋಡಿ ಮೇಡಂ, ಕಡ್ದೋನೇ ಬ್ಯಾಂಡೇಜೂ ಹಾಕವ್ನೆ. ಆನೆಗೆ ಇಷ್ಟು ನಾಜೂಕು ಎಲ್ಲಿಂದ ಬತ್ತದೆ?"

ಶಾಂತಲಾ ನಗಲಿಲ್ಲ. ಕದಿಯಲು ಈ ವೈರಿನೊಳಗೆ ತಾಮ್ರವಿಲ್ಲ. ಹಾಳು ಮಾಡಬೇಕೆಂದವನು ಟೇಪು ಸುತ್ತುವುದಿಲ್ಲ. ಮತ್ತೆ ಜೋಡಿಸುವವನ ಕಷ್ಟ ಗೊತ್ತಿರುವವನು ಇದನ್ನು ಕಡಿದಿದ್ದಾನೆ. ಅದನ್ನು ಪಂಚನಾಮೆಯಲ್ಲಿ ಬರೆಸಿದರು.

ವಾಪಸು ಹೊರಡುವಾಗ ನಿಂಗಯ್ಯ ಡ್ರೈವರನಿಗೆ ಕೂಗಿದರು. "ಮೇಲ್ಗಡೆ ರಸ್ತೇಲಿ ತಗಳ್ಲಾ, ಕೆಳಗಡೆ ಸೇತುವೆ ಮುಳುಗೋಗದೆ. ಬೆಳಿಗ್ಗೆ ನೀರು ಬುಟ್ಟವ್ರೆ."

"ನಿಮಗ್ಯಾರು ಹೇಳಿದ್ರು?"

"ಬೀಚನಹಳ್ಳಿ ಮಾನಸ ಹಾಕವ್ಳಲ್ಲ ಮೇಡಂ, ಅವಳ ಪೇಜಲ್ಲಿ. ಡ್ಯಾಮ್ ಆಫೀಸ್ನೋರು ಕೊಟ್ಟಿದ್ದನ್ನ ತಗಂಡು, ಯಾವ ಊರ ಹೊಳೆ ಮೆಟ್ಲು ಎಷ್ಟೊತ್ತಿಗೆ ಮುಳುಗ್ತದೆ ಅಂತ ಬರೀತಾಳೆ. ಹೊಳೆಗೆ ಹೋಗೋ ಹೆಂಗಸ್ರೆಲ್ಲ ಅದ ನೋಡ್ಕಂಡೇ ಹೊಂಡೋದು."

ಮಧ್ಯಾಹ್ನ ಯತೀಶ್ ವೈರು ಜೋಡಿಸಿದ ಮೇಲೆ ಶಾಂತಲಾ ಠಾಣೆಯ ಕಂಪ್ಯೂಟರಿನಲ್ಲಿ ಆ ಪೇಜು ತೆರೆಯಲು ಕೂತರು. ಚಕ್ರ ತಿರುಗಿತು. ಚಹಾ ಬಂತು, ಲೋಟ ಖಾಲಿಯಾಯಿತು, ಚಕ್ರ ತಿರುಗುತ್ತಲೇ ಇತ್ತು. ಕಂಪನಿಯ ಸ್ವಂತ ಆ್ಯಪ್ ಮಾತ್ರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು. ಮೊದಲು ರೆಸಾರ್ಟಿನ ಜಾಹೀರಾತು, ಅದರ ಕೆಳಗೆ ಹೋದ ವಾರದ ನೀರಿನ ಮಟ್ಟ.

"ಆ ವೈರಲ್ಲಿ ಬರಕಿಲ್ಲ ಮೇಡಂ," ಎಂದು ನಿಂಗಯ್ಯ ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟರು. ಮಾನಸಳ ಪೇಜು ತಟ್ಟನೆ ತೆರೆಯಿತು. ಈ ತಿಂಗಳು ಹೊಳೆಗೆ ನೀರು ಬಿಟ್ಟ ದಿನಗಳು: 3, 11, 19.

ಶಾಂತಲಾ ಸ್ಟೇಷನ್ ಡೈರಿ ತೆಗೆದರು. ವೈರು ಕಡಿದ ದಿನಗಳೂ ಅವೇ.

ರಘುವಿಗೆ ಫೋನು ಮಾಡಿದರು. "ಆ ಪೇಜ್ ನಿಮ್ಮ ನೆಟ್‌ನಲ್ಲಿ ಯಾಕೆ ಬರಲ್ಲ?"

"ನಮ್ಮ ಆ್ಯಪ್ ಒಳಗಡೆ ಬನ್ನಿ ಅಂತ ಆ ಹುಡುಗೀನ ಕರೆದ್ವಿ, ಒಪ್ಪಲಿಲ್ಲ."

"ನೆಟ್‌ನಲ್ಲಿ ಎಲ್ಲ ಪೇಜಿಗೂ ಒಂದೇ ಥರ ದಾರಿ ಬಿಡಬೇಕು ಅಂತ ನಿಯಮ ಇದೆಯಲ್ಲ?"

"ನಾವೇನೂ ತಡೆದಿಲ್ಲ ಮೇಡಂ, ನಿಧಾನಕ್ಕೆ ಬರುತ್ತೆ ಅಷ್ಟೆ. ಅದು ನಿಮ್ಮ ಠಾಣೆ ವ್ಯಾಪ್ತಿಗೂ ಬರಲ್ಲ. ವೈರ್ ಕಡಿದಿದ್ದು ಬರುತ್ತೆ."

ಶಾಂತಲಾ ಫೋನನ್ನು ಮೇಜಿನ ಮೇಲೆ ಕುಕ್ಕಿದರು. ಆದರೂ ಅವನು ಹೇಳಿದ್ದು ಸರಿ. ಅವರ ವ್ಯಾಪ್ತಿ ವೈರು ಮಾತ್ರ.

ಜುಲೈ 26, ಶನಿವಾರ, ಸಂಜೆ 5.30. ಜೋಡಿಸುವವನ ಮೇಲೆಯೇ ಅನುಮಾನ ಬಂದು ಶಾಂತಲಾ ಯತೀಶನ ಕೆಲಸದ ಚೀಲ ತೆಗೆಸಿದಾಗ ಕಟರು, ಅದೇ ಕರಿ ಟೇಪು ಸಿಕ್ಕಿದವು. ಇಪ್ಪತ್ತಾರರ ಹುಡುಗ, ಹೊಳೆಹುಂಡಿಯವನೇ.

"ಕಡಿದಿದ್ದು ನೀನಾ?"

"ಊಂ."

"ಮೂರು ಸಲಾನೂ?"

"ಊಂ ಮೇಡಂ. ವೈರು ಕಡುದ್ರೆ ಮನೆಮನೆ ಫೋನೆಲ್ಲ ಸಿಮ್ ನೆಟ್‌ಗೆ ಬತ್ತವೆ. ಆಗ ಮಾನಸನ ಪೇಜು ಬತ್ತದೆ."

"ವೈಫೈ ಆಫ್ ಮಾಡಿ ಅಂತ ಜನಕ್ಕೆ ಹೇಳಬಹುದಿತ್ತಲ್ಲ?"

"ಮನೆಮನೆಗೂ ಹೋಗಿ ಹೇಳ್ದೆ. ಫ್ರೀ ಕೊಟ್ಟಿರೋದ ಯಾರ್ ಆಫ್ ಮಾಡ್ತಾರೆ? ಹೊಟ್ಟೆಕಿಚ್ಚಾ ನಿಂಗೆ ಅಂದ್ರು."

ಆಮೇಲೆ ಅವನೇ ಕೇಳಿದ. "ಮರಮ್ಮ ಅಂತ, ಜೂನ್‌ನಲ್ಲಿ ಹೋದ್ರಲ್ಲ. ನೆನಪದಾ ಮೇಡಂ?"

ನೆನಪಿತ್ತು. ಜೂನ್ 22ರ ಅಸಹಜ ಸಾವಿನ ಪ್ರಕರಣ. ಬಟ್ಟೆ ಒಗೆಯುವಾಗ ಕಾಲು ಜಾರಿ ನೀರುಪಾಲು ಎಂದು ಬರೆದು ಮುಗಿಸಿದವರು ಶಾಂತಲಾ ಅವರೇ.

"ನಮ್ಮ ಚಿಕ್ಕಮ್ಮ ಅವ್ರು. ಹೊಂಡೋಕ್ ಮುಂಚೆ ಫೋನ್ ನೋಡವ್ರೆ. ಚಕ್ರ ತಿರುಗ್ತಾ ಇತ್ತಂತೆ. ಏನೂ ಬಂದಿಲ್ಲ ಅಂದ್ರೆ ಇವತ್ತು ನೀರು ಬುಟ್ಟಿಲ್ಲ ಕಣವ್ವ ಅಂತ ಮಗಳಿಗೆ ಹೇಳಿ ಹೊಂಟವ್ರೆ." ಅವನು ತನ್ನ ಅಂಗೈ ನೋಡಿಕೊಂಡ. "ಅವ್ರ ಮನೆಗೆ ಆ ವೈರು ಎಳ್ದೋನು ನಾನೇ."

6.40ಕ್ಕೆ ದಸ್ತಗಿರಿ. ಲಾಕಪ್ಪಿನೊಳಗೆ ಕಾಲಿಡುವ ಮುಂಚೆ ಯತೀಶ್ ತಿರುಗಿ ನಿಂತ. "ನಾಳೆ ಆರಕ್ಕೆ ನೀರು ಬುಡ್ತಾರೆ ಮೇಡಂ. ಯಾರ್ ಕಡೀತಾರೆ?"

ಶಾಂತಲಾ ಮತ್ತೆ ರಘುವಿಗೆ ಫೋನು ಮಾಡಿ, ಒಂದು ರಾತ್ರಿಯ ಮಟ್ಟಿಗಾದರೂ ಆ ಪೇಜಿಗೆ ದಾರಿ ಬಿಡಿ ಎಂದರು. "ಮೇಲ್ ಹಾಕಿ, ಸೋಮವಾರ ಮೀಟಿಂಗಲ್ಲಿ ಇಡ್ತೀನಿ," ಎಂದ. ಹೊಳೆದಂಡೆಗೆ ಹನ್ನೊಂದು ಊರು. ಠಾಣೆಗೆ ಒಂದೇ ಜೀಪು, ಅದರ ಮೈಕು ಕೆಟ್ಟು ತಿಂಗಳಾಗಿತ್ತು. ಆದರೂ ಜೀಪು ಕಳಿಸಿದರು. ಮೂರು ಊರು ಮುಗಿಸುವಷ್ಟರಲ್ಲಿ ಕೂಗಿ ಕೂಗಿ ಡ್ರೈವರನ ದನಿ ಬಿದ್ದುಹೋಯಿತು.

"ಜಪ್ತಿ ಮಾಡಿದ ಕಟರಿಗೆ ಸೀಲ್ ಹಾಕಿದ್ರಾ?" ಎಂದು ನಿಂಗಯ್ಯನವರನ್ನು ಕೇಳಿದರು.

"ಅರಗು ಮುಗುದದೆ ಮೇಡಂ. ಬೆಳಿಗ್ಗೆ ತರ್ಸಿ ಹಾಕ್ತೀನಿ, ಬುಡಿ."

ಜುಲೈ 27, ಭಾನುವಾರ, ಬೆಳಗಿನ 4.40. ಸಿಸಿಟಿವಿ ಪೆಟ್ಟಿಗೆ ಕೀಂಯ್ ಎಂದಿತು.

ಶಾಂತಲಾ ಮೊದಲು ನೋಡಿದ್ದು ಲಾಕಪ್ಪಿನ ಕಡೆ. ಯತೀಶ್ ಕಂಬಿ ಹಿಡಿದು ಎದ್ದು ಕೂತಿದ್ದ. ಮೇಜಿನ ಮೇಲಿದ್ದ ಅವರ ಫೋನು ತಾನೇ ಸಿಮ್ ನೆಟ್ಟಿಗೆ ಹೊರಳಿ ಬೆಳಗಿತು. ಮಾನಸ ಬರೆದಿದ್ದಳು: ಆರಕ್ಕೆ ನೀರು, ಹೊಳೆಹುಂಡಿ ಮೆಟ್ಟಿಲು ಏಳೂಕಾಲಿಗೆ ಮುಳುಗುತ್ತದೆ.

ಐದಕ್ಕೆ ನಿಂಗಯ್ಯ ಒಳಬಂದರು. ಪ್ಯಾಂಟು ಮೊಣಕಾಲವರೆಗೆ ಇಬ್ಬನಿಯಲ್ಲಿ ನೆನೆದಿತ್ತು. ಜಪ್ತಿ ವಸ್ತುಗಳ ಕಪಾಟಿನ ಬಾಗಿಲು ತೆಗೆದು ಮುಚ್ಚಿದ ಸದ್ದಾಯಿತು. "ಟೀ ತರ್ಸ್ಲಾ ಮೇಡಂ?" ಎಂದರು, ಎಲ್ಲೋ ನೋಡುತ್ತ.

"ಅರಗೂ ತರಿಸಿ."

ಎಂಟಕ್ಕೆ ರಘುವಿನ ಫೋನು. "ಮತ್ತೆ ಕಟ್ ಆಗಿದೆ! ಕಳ್ಳ ನಿಮ್ಮ ಲಾಕಪ್ಪಲ್ಲೇ ಇದಾನೆ ಅಂದ್ರಲ್ಲ!"

"ಇಲ್ಲೇ ಇದಾನೆ."

"ಹಾಗಾದ್ರೆ ಇದು ಯಾರು?"

ಶಾಂತಲಾ ಕಪಾಟಿನಿಂದ ಕಟರು ತೆಗೆದರು. ಬಾಯಲ್ಲಿ ಹಸಿ ಗರಿಕೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ ಕಿಟಕಿಯಾಚೆ ಎಸೆದು, ಕಟರನ್ನು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ, ಗಂಟಿನ ಮೇಲೆ ಬಿಸಿ ಅರಗು ತೊಟ್ಟಿಕ್ಕಿಸಿದರು.

"ಆನೆ ಇರಬಹುದು," ಎಂದರು.

ಅದಕ್ಕೂ ಮುಂಚೆ, ಏಳೂಕಾಲಿಗೆ ಮೆಟ್ಟಿಲು ಮುಳುಗಿದಾಗ ಅಲ್ಲಿ ಯಾರೂ ಇರಲಿಲ್ಲ. ಕೇಸ್ ಡೈರಿಯಲ್ಲಿ ಅವರು ಆ ಬೆಳಗಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನಿಂಗಯ್ಯನವರನ್ನು ಏನೂ ಕೇಳಲಿಲ್ಲ. ಯಾರು ಕೇಳಿದರೂ, ಯಾವತ್ತು ಕೇಳಿದರೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಅರಗು ಆರುವ ಮುಂಚೆ ಠಾಣೆಯ ಮೊಹರು ಒತ್ತಿದರು.