"ಇಲ್ಲ" ಎಂದು ಬರೆದುಕೊಟ್ಟವಳು

"ಕುರಿ ನೋಡದೆ ನಾನು ಸಹಿ ಹಾಕಲ್ಲ!"

ಶಿಕಾರಿಪುರದ ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಯತೀಶ ಕಾಗದವನ್ನು ಮೇಜಿನ ಆಚೆಗೆ ತಳ್ಳಿಬಿಟ್ಟ. ಅಂಜನಾಪುರದಿಂದ ಬಸ್ಸು ಹಿಡಿದು ಬಂದಿದ್ದ ಸುಮಾ ಆ ಕಾಗದವನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು.

"ಎಂಬತ್ನಾಲ್ಕು ಕುರಿ ಅದಾವೆ ಅಂತ ನಾನೇ ಹೇಳ್ತಿದೀನಲ್ರೀ. ಸುಳ್ಳು ಹೇಳೋಳ ಹಂಗೆ ಕಾಣ್ತೀನೇನು?"

"ಕಾಣಲ್ಲ. ಆದ್ರೂ ನೋಡ್ದೆ ಹಾಕಲ್ಲ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ."

ಎಂಥಾ ಜಂಬ ಇವನಿಗೆ! ಬರಲಿ ನೋಡೋಣ... ಕುರಿ ಕೂಡಿಹಾಕೋ ರೊಪ್ಪದೊಳಗೆ ಕಾಲಿಟ್ಟರೆ ಗೊತ್ತಾಗುತ್ತೆ ಅಂದುಕೊಂಡಳು.

ಬಂದ. ಪ್ಯಾಂಟು ಮಡಚಿಕೊಂಡು ಕುರಿರೊಪ್ಪದೊಳಗೆ ಇಳಿದೂಬಿಟ್ಟ. ಕುರಿಯನ್ನು ಬಾಯಿಬಿಟ್ಟು ಎಣಿಸಿದರೆ ದೃಷ್ಟಿ ತಾಗುತ್ತದೆ ಅನ್ನುವುದು ಹಿರಿಯರ ಮಾತು. ಆನವಟ್ಟಿ ಕಡೆಯ ಕುರಿ ಸಾಕುವ ಮನೆತನದಲ್ಲೇ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ತುಟಿ ಅಲ್ಲಾಡಿಸದೆ ನೋಡುತ್ತಾ ಹೋಗಿ, ಕೊನೆಗೆ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಎಂಬತ್ತಾರು. ಮೊನ್ನೆ ಹುಟ್ಟಿದ ಎರಡು ಮರಿ ಬಿಟ್ಟಿದೀರಿ."

ಸುಮಾಳಿಗೆ ನಗು ತಡೆಯಲಾಗಲಿಲ್ಲ. ಅವನು ಸಹಿ ಹಾಕುತ್ತಾ ಕೇಳಿದ.

"ಇದೆಂಥಕ್ಕೆ ಇಷ್ಟು ಅವಸರ? ಸಬ್ಸಿಡಿಗಾ?"

"ಅಲ್ರೀ. ಮಗುಗೆ."

ಅವಳ ಅಕ್ಕ ನಾಗಶ್ರೀ ನ್ಯೂಜಿಲೆಂಡಿನಲ್ಲಿ ನರ್ಸಾಗಿದ್ದಳು. ಹೋದ ವರ್ಷ ರಸ್ತೆ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಿಬಿಟ್ಟರು. ಉಳಿದದ್ದು ಆರು ವರ್ಷದ ಅಂಬಾ. ಅವಳ ತಂದೆಯ ಕಡೆ ದಿಕ್ಕಿಲ್ಲ. ಸರ್ಕಾರ ಗೊತ್ತುಮಾಡಿದ ಯಾರದೋ ಮನೆಯಲ್ಲಿದ್ದಳು.

"ಸ್ವಂತ ಅಕ್ಕನ ಮಗಳು, ಹೋಗಿ ಕರ್ಕೊಂಡು ಬಂದ್ರಾಯ್ತು ಅಂದ್ಕೊಂಡಿದ್ದೆ. ಹಂಗಾಗಲ್ವಂತೆ. ಅವಳು ಆ ದೇಶದ ಮಗು. ನಾನು ಕಾನೂನಿನ ಪ್ರಕಾರ ದತ್ತು ತಗೋಬೇಕು. ಪೊಲೀಸ್ ತಪಾಸಣೆ, ಆಸ್ಪತ್ರೆ ಸರ್ಟಿಫಿಕೇಟು, ಆದಾಯಕ್ಕೆ ಪುರಾವೆ... ಮನೆಗೆ ಬಂದು ನೋಡಿ ವರದಿ ಬರೀತಾರೆ. ನನ್ನ ಬಲ್ಲೋರು ಇಬ್ರು ಪತ್ರ ಕೊಡಬೇಕು. ಅದೆಲ್ಲಾ ದೆಹಲಿಗೆ ಹೋಗಿ, ಅಲ್ಲಿಂದ ಆ ದೇಶಕ್ಕೆ ಹೋಗಬೇಕು. ಐದು ವರ್ಷ ದಾಟಿದ ಮಗು ಅಂತ ಅವಳನ್ನೂ ಕೇಳ್ತಾರೆ, ಬರ್ತೀಯಾ ಅಂತ."

ಮದುವೆಯಾಗದ ಹೆಂಗಸಿಗೆ ಮಗು ಕೊಡುತ್ತಾರಾ ಎಂದು ಊರೇ ಕೇಳಿತ್ತು. ಕಾನೂನಿನಲ್ಲಿ ಒಂಟಿ ಹೆಂಗಸಿಗೂ ಕೊಡುತ್ತಾರೆ ಎಂದು ಹೇಳಿ ಹೇಳಿ ಸುಮಾಳಿಗೆ ಸಾಕಾಗಿಹೋಗಿತ್ತು. ಯತೀಶ ಅದನ್ನು ಕೇಳಲೇ ಇಲ್ಲ.

"ಆ ಮಗುಗೆ ಕುರಿ ಅಂದ್ರೆ ಹೆದರಿಕೆ ಇಲ್ವಲ್ಲ?" ಅಂದ.

ಆ ಒಂದು ಪ್ರಶ್ನೆಗೆ ಸುಮಾ ಸೋತುಹೋದಳು. ಅದನ್ನು ತನಗೆ ತಾನೇ ಒಪ್ಪಿಕೊಳ್ಳಲು ನಾಲ್ಕು ತಿಂಗಳು ಬೇಕಾಯಿತು, ಅಷ್ಟೇ!

ಆ ನಾಲ್ಕು ತಿಂಗಳಲ್ಲಿ ಅವನು ಇಂಗ್ಲಿಷಿನ ಅರ್ಜಿಗಳನ್ನು ಓದಿ ಹೇಳಿದ. ಶಿವಮೊಗ್ಗಕ್ಕೆ ಓಡಾಡಿದ. ಭಾನುವಾರದ ವಿಡಿಯೋ ಕರೆಯಲ್ಲಿ ಅಂಬಾಳಿಗೆ ಮರಿಗಳನ್ನು ಎತ್ತಿ ತೋರಿಸಿದ. ಒಂದು ಸಂಜೆ ಅಂಜನಾಪುರದ ಜಲಾಶಯದ ಏರಿಯ ಮೇಲೆ ನಿಂತು, ನೀರು ನೋಡುತ್ತಲೇ ಕೇಳಿಯೂಬಿಟ್ಟ.

"ಸುಮಾ... ನಾವು ಮದುವೆ ಆಗೋಣ್ವಾ?"

"ನಾಡಿದ್ದು ಮನೆ ನೋಡೋಕೆ ಬರ್ತಾರಲ್ಲ. ಅದೊಂದು ಮುಗೀಲಿ. ಹೇಳ್ತೀನಿ," ಎಂದು ಓಡಿಬಂದವಳ ಕೆನ್ನೆ ಕೆಂಪಾದದ್ದನ್ನು ಅವ್ವ ಹನುಮಮ್ಮ ನೋಡಿಯೇ ನೋಡಿದಳು. ಮಗಳ ಬಾಯಿಂದ ವಿಷಯ ಹೊರಡಿಸುವುದು ಅವ್ವಂದಿರಿಗೆ ಎಷ್ಟರ ಕೆಲಸ!

ಆದರೆ ಮಾರನೆಯ ದಿನ ನ್ಯೂಜಿಲೆಂಡಿನಿಂದ ಒಂದು ಇಮೇಲ್ ಬಂತು. ಭಾರತದ ಕಾಗದಗಳು ಮೂರು ತಿಂಗಳೊಳಗೆ ತಲುಪದಿದ್ದರೆ ಅಂಬಾಳನ್ನು ಅಲ್ಲಿಯದೇ ಒಂದು ಕುಟುಂಬಕ್ಕೆ ಕಾಯಂ ಆಗಿ ಒಪ್ಪಿಸುವ ಯೋಚನೆ ಇದೆ. ಸುಮಾ ಅದನ್ನು ಯಾರಿಗೂ ಹೇಳಲಿಲ್ಲ. ನಾಳೆ ವರದಿ ಆಗೇ ಆಗುತ್ತಲ್ಲ... ಅವ್ವನನ್ನು ಯಾಕೆ ಹೆದರಿಸಲಿ?

ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ರಾಧಮ್ಮ ಬಂದರು. ಮನೆ ನೋಡಿದರು, ಮಗು ಮಲಗುವ ಕೋಣೆ ನೋಡಿದರು, ಹತ್ತಿರದ ಶಾಲೆ ಎಲ್ಲಿ ಎಂದು ಕೇಳಿದರು. ಬಲ್ಲವರಾಗಿ ಪತ್ರ ಕೊಡಲಿದ್ದ ಇಬ್ಬರಲ್ಲಿ ಯತೀಶನೂ ಒಬ್ಬ. ಅವನಾಗ ಸುಮಾಳ ಅಪ್ಪ ಪುಟ್ಟಪ್ಪನ ಜೊತೆ ಹಿತ್ತಲಲ್ಲಿ ಕುಂಟುವ ಟಗರೊಂದನ್ನು ನೋಡುತ್ತಿದ್ದ.

ಎಲ್ಲವೂ ಸರಿಯಾಗಿಯೇ ನಡೆದಿತ್ತು. ಆದರೆ ಹನುಮಮ್ಮನ ಎದೆಯಲ್ಲಿ ಅಳುಕು. ಗಂಡನಿಲ್ಲದ ಮನೆಗೆ ಮಗು ಕೊಡುತ್ತಾರೋ ಇಲ್ಲವೋ! ಮಗಳಿಗೆ ಒಳ್ಳೆಯದಾಗಲಿ ಎಂದು ಹೆಮ್ಮೆಯಿಂದ ಒಂದು ಮಾತು ಸೇರಿಸಿಯೇಬಿಟ್ಟಳು.

"ನಮ್ ಹುಡುಗಿ ಒಂಟಿ ಅಂತ ತಿಳೀಬ್ಯಾಡ್ರೀ ಮೇಡಂ. ಹಿತ್ತಲಾಗೆ ಅದಾರಲ್ಲ ಡಾಕ್ಟ್ರು, ಅವ್ರೇ ನಮ್ ಅಳಿಯ. ಬರೋ ತಿಂಗ್ಳೇ ಮದುವಿ!"

ರಾಧಮ್ಮನ ಪೆನ್ನು ನಿಂತಿತು.

"ಹೌದೇನಮ್ಮಾ ಸುಮಾ? ಹಾಗಿದ್ರೆ ಈ ವರದಿ ಇಲ್ಲಿಗೇ ನಿಲ್ಲಿಸ್ಬೇಕಾಗುತ್ತೆ. ಇದು ಒಂಟಿ ಮಹಿಳೆ ಅಂತ ಹಾಕಿರೋ ಅರ್ಜಿ. ಮದುವೆ ಆಗೋದಿದ್ರೆ ಇಬ್ಬರ ಹೆಸರಲ್ಲಿ ಎಲ್ಲಾ ಮೊದಲಿಂದ ಆಗ್ಬೇಕು."

"ಎಷ್ಟು ದಿನ ಹಿಡಿಯುತ್ತೆ ಮೇಡಂ?"

"ದಿನ ಅಲ್ಲ, ತಿಂಗಳು. ಆರೋ ಎಂಟೋ..."

ಹನುಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಮಾಳ ಕಣ್ಣ ಮುಂದೆ ಫೋನಿನ ಪರದೆಯಲ್ಲಿ ಮುಖ ಒತ್ತಿ ಹಿಡಿದ ಪುಟ್ಟ ಅಂಬಾ. ಮೂರು ತಿಂಗಳು! ಮೂರೇ ತಿಂಗಳು...

"ಮದುವೆಯ ಉದ್ದೇಶ ಇದೆಯಾ ಇಲ್ವಾ? ಯೋಚಿಸಿ ಹೇಳಿ. ನೀವು ಸಹಿ ಹಾಕ್ಬೇಕು. ಸುಳ್ಳಾಗಬಾರದು."

ಸುಳ್ಳಾಗಬಾರದು. ಸುಮಾ ಕಣ್ಣು ಮುಚ್ಚಿದಳು. ಮನಸ್ಸಿನೊಳಗೆ ಇದ್ದ ಆ ಒಂದು ಆಸೆಯನ್ನು ಗಟ್ಟಿಯಾಗಿ ಹಿಡಿದು ಹೊರಗೆ ಹಾಕಿದಳು. ಕಣ್ಣು ತೆರೆದಾಗ ಅವಳ ದನಿ ನಡುಗಲಿಲ್ಲ.

"ಇಲ್ಲ ಮೇಡಂ. ಯತೀಶ್ ಅವರನ್ನ ನಾನು ಮದುವೆ ಆಗೋದಿಲ್ಲ. ಆ ಉದ್ದೇಶಾನೇ ಇಲ್ಲ. ಬರ್ಕೊಳ್ಳಿ."

ಹಿತ್ತಲ ಬಾಗಿಲಲ್ಲಿ ಯತೀಶ ನಿಂತಿದ್ದ. ಅವನು ಕೇಳಿಸಿಕೊಂಡದ್ದು ಆ ಕೊನೆಯ ಮಾತನ್ನು ಮಾತ್ರ!

ರಾಧಮ್ಮ ಹೋದ ಮೇಲೆ ಅವನು ಬೈಕಿನ ಹತ್ತಿರ ನಿಂತು ಕೇಳಿದ.

"ನನಗೇ ಹೇಳಬಹುದಿತ್ತಲ್ಲ ಸುಮಾ. ಅವರ ಮುಂದೆ ಹೇಳೋದು ಬೇಕಿತ್ತಾ?"

'ಕಾಯಿರಿ' ಎಂಬ ಒಂದು ಮಾತು ಸಾಕಿತ್ತು. ಅದು ಅವಳ ನಾಲಿಗೆಯ ತುದಿಗೂ ಬಂತು. ಆದರೆ ಕಾಯಿರಿ ಎಂದರೆ ಉದ್ದೇಶ ಇದೆ ಎಂದೇ ಅರ್ಥ. ಈಗಷ್ಟೇ ಹಾಕಿದ ಸಹಿ ಸುಳ್ಳಾಗುತ್ತದೆ. ಸುಮಾ ತಲೆ ತಗ್ಗಿಸಲಿಲ್ಲ, ಮಾತೂ ಆಡಲಿಲ್ಲ. ಅವನು ಹೊರಟುಹೋದ.

"ನಾನೇ ಹೋಗಿ ಎಲ್ಲಾ ಹೇಳ್ತೀನಿ ಕಣೇ! ತಪ್ಪು ನಂದು!" ಹನುಮಮ್ಮ ಗೋಳಾಡಿದಳು.

"ಬ್ಯಾಡವ್ವ. ನೀನು ಹೇಳಿದ್ರೂ ನಾನು ಹೇಳಿ ಕಳಿಸಿದಂಗೇ ಆಗುತ್ತೆ."

ಒಂದು ತಿಂಗಳಿಗೆ ಯತೀಶ ಸೊರಬಕ್ಕೆ ವರ್ಗ ಮಾಡಿಸಿಕೊಂಡು ಹೋದನೆಂದು ಯಾರೋ ಹೇಳಿದರು. ಅವತ್ತು ಸುಮಾ ಕುರಿಗಳನ್ನು ಅಟ್ಟಿಕೊಂಡು ದೂರ ಹೋಗಿ ಸಂಜೆಯವರೆಗೂ ಅತ್ತಳು. ಅವನು ಪತ್ರ ಕೊಟ್ಟಿರಲಾರ ಎಂದು ಬೇರೆ ಯಾರನ್ನಾದರೂ ಕೇಳಲು ಹೊರಟಾಗ, ಇಬ್ಬರ ಪತ್ರಗಳೂ ಬಂದಿವೆ ಎಂದು ರಾಧಮ್ಮ ಫೋನಿನಲ್ಲಿ ತಿಳಿಸಿದರು. ಏನು ಬರೆದಿದ್ದನೋ... ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಕಾಗದಗಳು ಗಡುವಿಗೆ ಹತ್ತು ದಿನ ಮೊದಲೇ ತಲುಪಿದವು. ದೆಹಲಿಯ ಒಪ್ಪಿಗೆ ಬಂತು. ನ್ಯೂಜಿಲೆಂಡಿನ ಕೋರ್ಟಿನಲ್ಲಿ ಅಂಬಾಳನ್ನು ಕೇಳಿದರಂತೆ, ಅಷ್ಟು ದೂರ ಯಾರ ಹತ್ತಿರ ಹೋಗುತ್ತೀ ಎಂದು. "ನನ್ನ ಅಮ್ಮನ ಮನೆಗೆ. ಅಲ್ಲಿ ನನ್ನ ಅಮ್ಮನ ತರಾನೇ ನಗೋರು ಒಬ್ರು ಇದಾರೆ," ಅಂದಳಂತೆ ಆ ಮಗು!

ಶಿವಮೊಗ್ಗ ದಾಟಿ ನೋಡದಿದ್ದ ಸುಮಾ ಒಬ್ಬಳೇ ವಿಮಾನ ಹತ್ತಿ ಹೋದಳು. ಮಗಳ ಕೈ ಹಿಡಿದು ವಾಪಸ್ ಬಂದಳು. ಅಂಜನಾಪುರದಲ್ಲಿ ಅವಳು ಬಸ್ಸಿಳಿದಾಗ, ಮಗು ಕೊಡುತ್ತಾರಾ ಎಂದು ಕೇಳಿದ್ದವರೇ ಆರತಿ ತಟ್ಟೆ ಹಿಡಿದು ನಿಂತಿದ್ದರು. ಪುಟ್ಟಪ್ಪ ಪೇಟ ಸುತ್ತಿಕೊಂಡು, ಮೀಸೆ ತಿರುವಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿದ. "ಎರಡು ಸರ್ಕಾರ ತಪಾಸಣೆ ಮಾಡಿ ಒಪ್ಪಿದ ಹೆಣ್ಮಗಳು ಕಣ್ರೋ ನನ್ ಮಗ್ಳು!"

ತಿಂಗಳಾದ ಮೇಲೆ ಮಗು ಹೇಗಿದೆ ಎಂದು ನೋಡಲು ರಾಧಮ್ಮ ಬಂದರು. ಹೊರಡುವಾಗ ಸುಮಾ ತಡೆದಳು.

"ಮೇಡಂ... ಈಗ ನಾನು ಮದುವೆ ಆಗ್ಬಹುದಾ?"

ರಾಧಮ್ಮ ಜೋರಾಗಿ ನಕ್ಕರು. "ಆಗಮ್ಮಾ! ನಮಗೊಂದು ಮಾತು ತಿಳಿಸಿದ್ರೆ ಸಾಕು." ಆಮೇಲೆ ಅವಳ ಮುಖ ನೋಡಿ, ಫೈಲಿನಿಂದ ಒಂದು ಹಾಳೆ ತೆಗೆದರು. "ಇದನ್ನ ತೋರಿಸಬಾರದು. ಇಲ್ಲೇ ಓದಿ ವಾಪಸ್ ಕೊಡು."

ಯತೀಶನ ಅಕ್ಷರ. ಅವಳು ಇಲ್ಲ ಎಂದು ಸಹಿ ಹಾಕಿದ ಮಾರನೆಯ ದಿನದ ತಾರೀಖು.

"ಸುಮಾ ಅವರನ್ನು ನಾನು ಮದುವೆಯಾಗಲು ಕೇಳಿದ್ದೆ. ಅವರು ಒಪ್ಪಲಿಲ್ಲ. ಆದ್ದರಿಂದ ಅವರನ್ನು ಹೊಗಳಿ ನನಗೆ ಆಗಬೇಕಾದದ್ದು ಏನೂ ಇಲ್ಲ. ಹೋದ ತಿಂಗಳು ತಾಯಿ ಸತ್ತ ಮರಿಯೊಂದನ್ನು ಬೇರೆ ಕುರಿಗಳು ಹತ್ತಿರ ಸೇರಿಸಲಿಲ್ಲ. ಇವರು ಒಂಬತ್ತು ದಿನ ಪಕ್ಕದಲ್ಲೇ ಕೂತು ಅದಕ್ಕೆ ಹಾಲು ಕುಡಿಸಿದರು. ಬದುಕುವುದಿಲ್ಲ ಬಿಡಿ ಎಂದು ಡಾಕ್ಟರಾದ ನಾನೇ ಹೇಳಿದ್ದೆ. ಮರಿ ಬದುಕಿದೆ. ಈ ಮನೆಗೆ ಬರುವ ಮಗುವಿನ ಬಗ್ಗೆ ನನಗೆ ಚಿಂತೆಯಿಲ್ಲ. ಅವರು ಒಪ್ಪದಿದ್ದರೂ, ಇಂಥವರನ್ನು ಕೇಳಿದೆ ಎಂಬ ಹೆಮ್ಮೆ ನನಗಿದೆ."

ಅಕ್ಷರಗಳು ಕಲಸಿಹೋದವು. ಅಷ್ಟು ನೊಂದವನು ಇಷ್ಟು ಬರೆದನೇ!

ಮರುದಿನ ಬೆಳಿಗ್ಗೆ ಅಂಬಾಳನ್ನು ಕರೆದುಕೊಂಡು ಸೊರಬದ ಬಸ್ಸು ಹತ್ತಿದಳು. ಡಾಕ್ಟರು ಕ್ಯಾಸನೂರಿನಲ್ಲಿ ದನಗಳಿಗೆ ಲಸಿಕೆ ಹಾಕಲು ಹೋಗಿದ್ದಾರೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಲ್ಲಿಗೂ ಹೋದಳು.

ಸಾಲಾಗಿ ನಿಂತ ದನಗಳ ನಡುವೆ ಅವನಿದ್ದ. ಸ್ವಲ್ಪ ಸೊರಗಿದ್ದ. ಅವಳನ್ನು ನೋಡಿದ, ಅವಳ ಪಕ್ಕದ ಮಗುವನ್ನು ನೋಡಿದ. ಅವನ ಮುಖ ಅರಳಿ ಮತ್ತೆ ಗಂಭೀರವಾಯಿತು.

"ಬಂದ್ಲಾ ಅಂಬಾ? ತುಂಬಾ ಸಂತೋಷ. ನೀವು... ಯಾಕೆ ಬಂದ್ರಿ?"

"ಅವತ್ತು ನಾನು ಹೇಳಿದ್ದು ಸುಳ್ಳಲ್ಲ ಅಂತ ಹೇಳೋಕೆ."

"ಗೊತ್ತು," ಎಂದು ಅವನು ತಿರುಗಿಕೊಂಡ.

"ಪೂರ್ತಿ ಕೇಳ್ರೀ!" ಸುಮಾಳ ದನಿಗೆ ದನಗಳೂ ತಿರುಗಿ ನೋಡಿದವು. "ಮದುವೆ ಆಗ್ತೀನಿ ಅಂದ್ರೆ ಅರ್ಜಿ ಮೊದಲಿಂದ ಆಗ್ತಿತ್ತು. ಮೂರು ತಿಂಗಳಲ್ಲಿ ಇವಳನ್ನ ಬೇರೆಯವರಿಗೆ ಕೊಡ್ತಿದ್ರು. ನಿಮ್ಮನ್ನ ಮನಸಲ್ಲಿ ಇಟ್ಕೊಂಡು ಕೈಯಲ್ಲಿ ಇಲ್ಲ ಅಂತ ಬರೆದಿದ್ರೆ ಅದು ಸುಳ್ಳು. ಮಗೂನ ಸುಳ್ಳು ಹೇಳಿ ತರೋಕೆ ನನಗಾಗ್ಲಿಲ್ಲ. ಅದಕ್ಕೇ ನಿಮ್ಮನ್ನ ಬಿಟ್ಟೆ. ನಿಜವಾಗ್ಲೂ ಬಿಟ್ಟೆ."

"ಈ ಹತ್ತು ತಿಂಗಳಲ್ಲಿ ನಾನು ಬೇರೆ ಯಾರನ್ನಾದ್ರೂ ಮದುವೆ ಆಗಿದ್ರೆ?"

"ತಡೆಯೋ ಹಕ್ಕು ನನಗಿರ್ಲಿಲ್ಲ. ಅಳ್ತಿದ್ದೆ. ಇವಳ ಮುಂದೆ ಮಾತ್ರ ಅಳ್ತಿರ್ಲಿಲ್ಲ."

ಯತೀಶ ಕೈಯಲ್ಲಿದ್ದ ಸಿರಿಂಜನ್ನು ಪೆಟ್ಟಿಗೆಯಲ್ಲಿಟ್ಟು ಅವಳ ಕಡೆ ತಿರುಗಿದ. ಹತ್ತು ತಿಂಗಳಿಂದ ಅವನು ತನ್ನನ್ನು ಬೇಡವಾದವನೆಂದೇ ತಿಳಿದಿದ್ದ!

"ಸಿಟ್ಟಲ್ಲಿದ್ರಲ್ಲ, ಆ ಪತ್ರ ಹೆಂಗೆ ಬರೆದ್ರಿ?" ಸುಮಾ ಮೆಲ್ಲಗೆ ಕೇಳಿದಳು.

"ಸಿಟ್ಟು ನಂದು. ಮಗುಗೆ ಮನೆ ಬೇಕಿತ್ತಲ್ಲ."

ಇನ್ನು ಅವಳಿಗೆ ತಡೆಯಲಾಗಲಿಲ್ಲ. ಅಷ್ಟು ಜನರ ಎದುರು, ತಲೆಯೆತ್ತಿಯೇ ಕೇಳಿದಳು.

"ಈಗ ನನಗೆ ಉದ್ದೇಶ ಇದೆ. ನನ್ನನ್ನ ಮದುವೆ ಆಗ್ತೀರಾ?"

ಹಸುವಿನ ಹಗ್ಗ ಹಿಡಿದು ನಿಂತಿದ್ದ ಮುದುಕಿ ಹುಚ್ಚಮ್ಮನಿಗೆ ಸಹನೆ ಮೀರಿತು. "ಡಾಕ್ಟ್ರೇ, ಹೂಂ ಅನ್ನಿ ಮಾರಾಯ್ರೇ! ನನ್ನ ದನ ಎಷ್ಟೊತ್ತು ನಿಲ್ಲುತ್ತೆ!"

ಎಲ್ಲರೂ ನಕ್ಕರು. ಯತೀಶ ಮಾತ್ರ ನಗಲಿಲ್ಲ. ಅವನ ಕಣ್ಣು ತುಂಬಿತ್ತು.

"ಹೂಂ," ಅಂದ. "ಆದ್ರೆ ಇನ್ಮೇಲೆ ಇಂಥಾ ಭಾರ ಒಬ್ರೇ ಹೊರಬಾರದು."

"ಹೊರಲ್ಲ."

ಅಂಬಾ ಸುಮಾಳ ಸೆರಗು ಜಗ್ಗಿದಳು. "ಅಮ್ಮಾ, ಹೂಂ ಅಂದ್ರೆ... ಎಸ್ಸಾ?"

ಆ ಮಗು ಅವಳನ್ನು ಅಮ್ಮಾ ಎಂದು ಕರೆದದ್ದು ಅದೇ ಮೊದಲು. ಸುಮಾ ಅವಳನ್ನು ತಬ್ಬಿಕೊಂಡಳು. ಯತೀಶನೇ ಮಣ್ಣಿನಲ್ಲಿ ಮಂಡಿಯೂರಿ ಕೂತ.

"ಹೌದು ಪುಟ್ಟಾ. ನಿಮ್ಮಮ್ಮ ಕೇಳಿದ್ರು. ನಾನು ಎಸ್ ಅಂದೆ."