ಕೆಂಪು ಕಾಗದದ ಕಿಟಕಿ

ಹನ್ನೊಂದು ಮನೆಗಳೂ ಊಟದ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಒಂದೊಂದೂ ಅಂಗೈಯಗಲದ್ದು, ರಟ್ಟಿನದು, ಸೂರಿನ ಮೇಲೆ ಮಿನುಗುವ ಪುಡಿಯ ಹಿಮ. ಲಿಯೋನಾ ಬೈಟಲ್ ಸ್ವಿಚ್ ಒತ್ತಿದಳು. ಪ್ರತಿ ಮನೆಯ ಬೆನ್ನಿನ ತೂತಿಗೆ ಸಿಕ್ಕಿಸಿದ್ದ ಪುಟ್ಟ ಬಲ್ಬು ಹೊತ್ತಿಕೊಂಡು, ಕಿಟಕಿಗಳೆಲ್ಲ ಒಮ್ಮೆಗೇ ಹಳದಿಯಾದವು.

"ಹೇಗಿದೆ?" ಎಂದಳು. ಅವಳು ನೋಡುತ್ತಿದ್ದುದು ಮನೆಗಳನ್ನಲ್ಲ, ಎಮರಿ ಕ್ರೈಡರನ ಮುಖವನ್ನು. ಆ ಮುಖ ಅರಳುವುದನ್ನು ನೋಡಲೆಂದೇ ಎರಡು ತಿಂಗಳು ಕಣ್ಣು ಕಿರಿದು ಮಾಡಿಕೊಂಡು ದುಡಿದಿದ್ದಳು.

ಮುಖ ಅರಳಲಿಲ್ಲ. ಬಿಳಿಚಿಕೊಂಡಿತು.

"ಈ ನೀಲಿ ಮನೆ... ಇದರ ಕಿಟಕಿ ಎಲ್ಲಿ?"

"ಇದೆಯಲ್ಲ! ಆ ಕಾಲದ್ದೇ ಸೆಲೊಫೇನು, ಒಂದು ಗೀರಿಲ್ಲ. ಈ ಚೂರಿಗಾಗಿ ಮೂರು ಊರಿನ ಹಳೇ ಸಾಮಾನಿನ ಸಂತೆ ಸುತ್ತಿದೀನಿ."

"ಇದಲ್ಲ. ಮೊದಲಿದ್ದದ್ದು. ಕೆಂಪು ಕಾಗದ."

"ಓ, ಅದಾ!" ಲಿಯೋನಾ ನಕ್ಕುಬಿಟ್ಟಳು. "ಯಾವುದೋ ಕಪಿ ಮೇಣ ಮೆತ್ತಿ ಅಂಟಿಸಿತ್ತು ಕಣ್ರೀ. ಕೆರೆದು ಕೆರೆದು ನನ್ನ ಉಗುರು ಹೋಯ್ತು. ಒಲೆಗೆ ಹಾಕಿದೆ."

"ಒಲೆಗೆ?"

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ಹಾಗೆ ನೋಡುತ್ತಿರಲಿಲ್ಲ.

"ನಿಮಗೆ ನಿಜವಾಗ್ಲೂ..." ಎಂದು ಶುರುಮಾಡಿ ತುಟಿ ಬಿಗಿದುಕೊಂಡ. "ಬಿಡಿ. ನಿಮ್ಮ ತಪ್ಪೇನಿಲ್ಲ."

ಒಂದೊಂದೇ ಮನೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗಿಟ್ಟ. ಥ್ಯಾಂಕ್ಸ್ ಅಂದ, ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದ. ಬಾಗಿಲು ಬಡಿದು ಹೋಗಿದ್ದರೆ ಲಿಯೋನಾಗೆ ಇಷ್ಟು ನೋವಾಗುತ್ತಿರಲಿಲ್ಲ. ಜಗಳವನ್ನಾದರೂ ಆಡಬಹುದಿತ್ತು.

ಅವನು ಅಕ್ಟೋಬರಿನಲ್ಲಿ ಬಂದವನು. ಪಿಯಾನೊ ಶ್ರುತಿ ಮಾಡುವ ಕೆಲಸ, ಬಹಳ ವರ್ಷ ಓಹಾಯೋದಲ್ಲಿದ್ದು, ಅಪ್ಪ ತೀರಿಕೊಂಡ ಮೇಲೆ ಹುಟ್ಟೂರು ಲಿಟಿಟ್ಸಿಗೆ ಮರಳಿದ್ದ. "ಕ್ರಿಸ್‌ಮಸ್ಸಿಗೆ ಮರದ ಬುಡದಲ್ಲಿ ನಮ್ಮ ಮನೆಯ ಪುಟ್ಸ್, ಈ ಪುಟಾಣಿ ಊರು, ಮತ್ತೆ ಜೋಡಿಸಬೇಕು" ಎಂದು ಪೆಟ್ಟಿಗೆ ಇಳಿಸಿದಾಗ, ಹಳೆಯ ಅಲಂಕಾರದ ಸಾಮಾನು ರಿಪೇರಿ ಮಾಡುವ ಲಿಯೋನಾ ಎಲ್ಲ ಗಿರಾಕಿಗಳಿಗೂ ಹೇಳುವ ನಿಯಮ ಹೇಳಿದ್ದಳು: ಒದ್ದೆ ಕೈ, ಬಿಸಿ ಕಾಫಿ, ಸೀನು, ಈ ಮೂರೂ ಬಾಗಿಲ ಹೊರಗೆ. ಅವನು ತಕ್ಷಣ ಸೀನಿದ್ದ. ಬೇಕೆಂದೇ ಸೀನಿದ್ದು ಅವಳಿಗೆ ಗೊತ್ತಾಗಿ, ಅದು ಅವನಿಗೂ ಗೊತ್ತಾಗಿ, ಇಬ್ಬರೂ ಬೇರೆ ಬೇರೆ ಗೋಡೆ ನೋಡಿದ್ದರು.

ಆಮೇಲೆ ಪ್ರತಿ ಶನಿವಾರವೂ ಬಂದ. ಕೆಲಸ ಎಲ್ಲಿಯವರೆಗೆ ಬಂತು ಎಂದು ಕೇಳುವ ನೆಪ. ಅವಳು ಬೇಲಿಗೆ ಕಡ್ಡಿ ಅಂಟಿಸುವಾಗ ಉಸಿರು ಹಿಡಿದು ನೋಡುವನು, ಅಂಟಿದ ಮೇಲೆ ಅವಳಿಗಿಂತ ಮೊದಲು ಉಸಿರು ಬಿಡುವನು. ಒಂದು ಶನಿವಾರ ಅವಳ ಹುಬ್ಬಿಗೆ ಮಿನುಗು ಪುಡಿ ಹತ್ತಿತ್ತು. ಒರೆಸಲು ಎತ್ತಿದ ಬೆರಳನ್ನು ಅವನು ಅರ್ಧದಲ್ಲೇ ಇಳಿಸಿ, "ಅಲ್ಲೇ ಇರಲಿ, ಚೆನ್ನಾಗಿದೆ" ಎಂದಿದ್ದ. ಆ ರಾತ್ರಿ ಲಿಯೋನಾ ಮುಖ ತೊಳೆಯದೆ ಮಲಗಿದಳು. ನಲವತ್ತನಾಲ್ಕು ವರ್ಷದ ಹೆಂಗಸು!

ಈಗ ಒಂದು ಕಾಗದದ ಚೂರಿಗಾಗಿ ಎಲ್ಲ ಮುಗಿದುಹೋಯಿತೆ?

"ಏನಾಯ್ತೇ? ಆ ಮನುಷ್ಯ ಕಾಫಿ ಮುಟ್ಟದೇ ಹೋದ" ಎನ್ನುತ್ತ ಅಮ್ಮ ಎಸ್ತೆಲ್ಲಾ ಹೆಣಿಗೆ ಹಿಡಿದೇ ಬಂದಳು. ಎಂಬತ್ತರ ಅಮ್ಮನಿಗೆ ಕಿವಿ ಮಂದ, ನಾಲಿಗೆ ಚುರುಕು.

ಲಿಯೋನಾ ಹೇಳಿದಳು. ಅಮ್ಮನ ಸೂಜಿ ನಿಂತಿತು.

"ನೀಲಿ ಮನೆ, ಕೆಂಪು ಕಾಗದ. ಅಯ್ಯೋ ದೇವರೇ. ಸೀಡರ್ ಬೀದಿಯ ಕ್ರೈಡರಾ ಇವನು?"

"ಹೂಂ. ಯಾಕೆ?"

"ಆ ಕಪಿ ನೀನೇ ಕಣೇ!"

ಲಿಯೋನಾಳ ಕೈಯಿಂದ ಚಿಮಟ ಬಿತ್ತು.

"ನಿನಗೆ ಏಳು ವರ್ಷ" ಎಂದಳು ಅಮ್ಮ. "ಕ್ರಿಸ್‌ಮಸ್ ಮಾರನೇ ದಿನ ಊರವರೆಲ್ಲ ಮನೆಮನೆಯ ಪುಟ್ಸ್ ನೋಡೋಕೆ ಹೊರಟಿದ್ವಿ. ಮಂಡಿಯೂರಿ ನೋಡು, ಮುಟ್ಟಬೇಡ ಅಂತ ನೂರು ಸಲ ಹೇಳಿದ್ದೆ. ಅವರ ಮನೇಲಿ ಕಿಟಕಿಗೆ ಪಟ್ ಅಂತ ಬೆರಳು ತೂರಿಸಿದೆ. ಯಾರು ಮಾಡಿದ್ದು ಅಂತ ಇವನ ಅಪ್ಪ ಗುಡುಗಿದ. ನೀನು ನನ್ನ ಲಂಗದ ಹಿಂದೆ. ಆಗ ಹುಡುಗನಾಗಿದ್ದ ಇವನೇ ಮುಂದೆ ಬಂದು 'ನಾನೇ ಮಾಡಿದ್ದು' ಅಂದ. ನಮ್ಮೆಲ್ಲರ ಎದುರಿಗೇ ಏಟು ತಿಂದ."

ಲಿಯೋನಾ ಮೆಲ್ಲಗೆ ಕುಳಿತಳು. ಉಳಿದದ್ದು ತಾನಾಗಿಯೇ ಬಂತು. ಮಾರನೆಯ ದಿನ ಯಾರಿಗೂ ಹೇಳದೆ ಆ ಮನೆಯ ಅಡುಗೆಮನೆ ಬಾಗಿಲಿಗೆ ಹೋಗಿದ್ದಳು, ವಾಪಸು ಬಂದ ಮೇಲೆ ಅಮ್ಮನಿಗಷ್ಟೇ ಹೇಳಿದ್ದಳು. ಕೈಯಲ್ಲಿ ಚರ್ಚಿನಲ್ಲಿ ಕೊಟ್ಟ ಜೇನುಮೇಣದ ಮೋಂಬತ್ತಿ, ಅದರ ಬುಡಕ್ಕೆ ಸುತ್ತಿದ ಕೆಂಪು ಕಾಗದದ ನೆರಿಗೆ. ಮೇಣವನ್ನು ಬಾಯಲ್ಲಿಟ್ಟು ಮೆತ್ತಗೆ ಮಾಡಿ ಕಾಗದ ಅಂಟಿಸಿದಾಗ ಹುಡುಗ ಮನೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಈಗ ಊರಿಗೆಲ್ಲ ಈ ಮನೇಲಿ ಮಾತ್ರ ಒಲೆ ಉರೀತಿದೆ" ಎಂದಿದ್ದ. ಮುಂದಿನ ವರ್ಷ ಕ್ರೈಡರ್ ಮನೆಯವರು ಮನೆಯನ್ನು ಬಾಡಿಗೆಗೆ ಕೊಟ್ಟು ಊರು ಬಿಟ್ಟಿದ್ದರು.

ಮೂವತ್ತೇಳು ವರ್ಷ ಅವನು ಕಾಪಾಡಿದ್ದನ್ನು ಅವಳು ಒಂದು ಬೆಳಿಗ್ಗೆ ಕೆರೆದು, ನಕ್ಕು, ಸುಟ್ಟಿದ್ದಳು. ಹಳೆಯದನ್ನು ಸರಿಪಡಿಸುವವಳು ಎಂಬ ಹೆಸರು ಬೇರೆ.

"ಹೋಗಿ ಕ್ಷಮೆ ಕೇಳು" ಎಂದಳು ಅಮ್ಮ.

"ಬಾಯಿಮಾತಿನ ಕ್ಷಮೆ ಸಾಕಾಗಲ್ಲಮ್ಮ."

ಕ್ರಿಸ್‌ಮಸ್ ಹಿಂದಿನ ಸಂಜೆ ಚರ್ಚಿನಲ್ಲಿ ಎಲ್ಲರ ಕೈಗೂ ಅದೇ ಕೆಂಪು ನೆರಿಗೆಯ ಮೋಂಬತ್ತಿ ಬಂತು. ಎಲ್ಲರೂ ಹಚ್ಚಿ ಎತ್ತಿ ಹಿಡಿದರು. ಲಿಯೋನಾ ತನ್ನದನ್ನು ಹಚ್ಚದೆ ಕೋಟಿನ ಜೇಬಿಗಿಟ್ಟುಕೊಂಡಳು. ಪಕ್ಕದವರು ವಿಚಿತ್ರವಾಗಿ ನೋಡಿದರು.

ಹಬ್ಬದ ಮಾರನೆಯ ಮಧ್ಯಾಹ್ನ ಲಿಯೋನಾ ಅಮ್ಮನೊಂದಿಗೆ ಹೋದಾಗ, ಪುಟ್ಸ್ ನೋಡಲು ಬರುವವರಿಗಾಗಿ ಕ್ರೈಡರ್ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ನಾಲ್ಕಾರು ಜನ ತಟ್ಟೆಯಲ್ಲಿ ಸಕ್ಕರೆ ಕೇಕು ಹಿಡಿದು ನಿಂತಿದ್ದರು. ಎಮರಿ ಕಾಫಿ ಬಗ್ಗಿಸುತ್ತಿದ್ದ. ಅವಳನ್ನು ಕಂಡು ಕಪ್ಪು ತುಂಬಿ ಸುರಿದರೂ ಗಮನಿಸಲಿಲ್ಲ.

"ಬನ್ನಿ" ಎಂದ. "ನೋಡಿ. ಎಲ್ಲರೂ ನಿಮ್ಮ ಕೆಲಸ ಹೊಗಳ್ತಿದಾರೆ."

"ಆ ಕಿಟಕಿ ನೋಡಿ! ಅಸಲಿ ಸೆಲೊಫೇನು, ಸಿಗೋದೇ ಇಲ್ಲ" ಎಂದರು ಹಳೆಯ ರಟ್ಟಿನ ಮನೆ ಕೂಡಿಡುವ ಶ್ರೀಮತಿ ಟ್ರೆಕ್ಸ್ಲರ್.

ಲಿಯೋನಾ ಮರದ ಬುಡದಲ್ಲಿ ಮಂಡಿಯೂರಿದಳು. ಹತ್ತಿಯ ಹಿಮ, ಕನ್ನಡಿಯ ಕೆರೆ, ಮೂಲೆಯಲ್ಲಿ ನೀಲಿ ಮನೆ. ತೋರುಬೆರಳು ಎತ್ತಿದಳು. ಅಸಲಿ ಸೆಲೊಫೇನಿಗೆ ಪಟ್ ಎಂದು ತೂರಿಸಿದಳು.

ಕೋಣೆಯೇ "ಹಾ!" ಎಂದಿತು. ಶ್ರೀಮತಿ ಟ್ರೆಕ್ಸ್ಲರ್ ಕೈಯಿಂದ ಕೇಕು ಜಾರಿತು. ಅಮ್ಮ ಮಾತ್ರ, "ಇನ್ನೂ ಬುದ್ಧಿ ಬಂದಿಲ್ಲ ಇವಳಿಗೆ" ಎಂದು ಕೆಳಗೆ ಬಿದ್ದ ಕೇಕನ್ನು ಎತ್ತಿದಳು.

"ಯಾರಾದ್ರೂ ಹಿಡೀರಿ ಆಕೇನ! ಏನು ಮಾಡಿದ್ರಿ ನೀವು?" ಎಂದರು ಶ್ರೀಮತಿ ಟ್ರೆಕ್ಸ್ಲರ್.

ಎಮರಿ ಕಾಫಿ ಪಾತ್ರೆ ಹಿಡಿದು ಕಲ್ಲಾಗಿದ್ದ. ಅವನ ಕಣ್ಣು ತೂತಿನ ಮೇಲಿತ್ತು, ಆಮೇಲೆ ಅವಳ ಬೆರಳಿನ ಮೇಲೆ, ಆಮೇಲೆ ಮುಖದ ಮೇಲೆ.

"ನಾನೇ ಮಾಡಿದ್ದು" ಎಂದ.

"ನೀವು ಕಾಫಿ ಬಗ್ಗಿಸ್ತಿದ್ರಲ್ಲ!" ಎಂದರು ಆಕೆ.

"ಆದ್ರೂ ನಾನೇ."

"ಅಲ್ಲ" ಎಂದಳು ಲಿಯೋನಾ. "ಆಗಲೂ ನಾನೇ, ಈಗಲೂ ನಾನೇ. ಏಟು ಕೊಡೋರಿದ್ರೆ ನಂಗೆ ಕೊಡಿ."

ಜೇಬಿನಿಂದ ಮೋಂಬತ್ತಿ ತೆಗೆದು ಕೆಂಪು ನೆರಿಗೆ ಬಿಚ್ಚಿದಳು. ಒಂದು ಚೂರು ಮೇಣ ಮುರಿದು ಬಾಯಿಗಿಟ್ಟುಕೊಂಡಳು. ಎಮರಿ ಪಕ್ಕದಲ್ಲಿ ಮಂಡಿಯೂರಿ, ಯಾರೂ ಹೇಳದೆಯೇ ನೀಲಿ ಮನೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಪಿಸುಗುಟ್ಟಿದಳು.

"ಕಿಟಕಿ ನೋಡಿ ನೀವೇ ಹೇಳ್ತೀರಿ ಅಂತಿದ್ದೆ. ಒಲೆಗೆ ಹಾಕಿದೆ ಅಂದಾಗ... ಇಷ್ಟು ವರ್ಷ ನಾನೊಬ್ಬನೇ ನೆನಪಿಟ್ಕೊಂಡಿದ್ದೆ ಅಂತ ಗೊತ್ತಾಯ್ತು."

"ಸುಳ್ಳು ಹೇಳಲ್ಲ ಎಮರಿ. ಆ ಹುಡುಗ ನಂಗೆ ನೆನಪೇ ಇರಲಿಲ್ಲ. ಅಮ್ಮ ಹೇಳೋವರೆಗೂ."

ಅವನ ಮುಖ ಬಾಡಿತು.

"ನಾನು ಮನಸ್ಸು ಕೊಟ್ಟಿದ್ದು ಅವನಿಗಲ್ಲ" ಎಂದಳು. "ಅಕ್ಟೋಬರಿನಲ್ಲಿ ಬಂದು, ಬೇಕಂತ ಸೀನಿದ ಒಬ್ಬನಿಗೆ. ಅವನನ್ನ ಮೆಚ್ಚೋಕೆ ನಂಗೆ ಹಳೇ ನೆನಪಿನ ಹಂಗೇ ಬೇಕಿರಲಿಲ್ಲ."

ಎಮರಿ ಅವಳತ್ತ ತಿರುಗಿದ. ಈ ಮಾತನ್ನು ಕೇಳುತ್ತೇನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ನೀನು..." ಎಂದ. ಅವಳನ್ನು ನೀನು ಎಂದದ್ದು ಅದೇ ಮೊದಲು. "ನೀನು ಇನ್ನೊಂದು ಸಲ ಹೇಳು."

"ಮೊದಲು ಬಲ್ಬು ಹಾಕು. ಜನ ಕಾಯ್ತಿದಾರೆ."

ಕಾಗದ ಅಂಟಿತ್ತು, ಸ್ವಲ್ಪ ಸೊಟ್ಟಗೆ. ಎಮರಿ ಮನೆಯ ಬೆನ್ನಿಗೆ ಬಲ್ಬು ಸಿಕ್ಕಿಸಲು ಹೋದ. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು.

"ಕೈ ನಡುಗ್ತಿದೆ" ಎಂದ.

"ನಡುಗೋ ಕೈ ಬೇಡ ಅಂತ ನನ್ನ ನಿಯಮದಲ್ಲಿಲ್ಲ" ಎಂದು ಲಿಯೋನಾ ಆ ಕೈಯನ್ನು ಹಿಡಿದಳು. ಇಬ್ಬರ ಕೈ ಸೇರಿ ಬಲ್ಬು ಒಳಗೆ ಕುಳಿತಿತು. ಮೂಲೆಯ ಮನೆಯಲ್ಲಿ ಒಲೆ ಹೊತ್ತಿಕೊಂಡಿತು.