ಏಳನೆಯ ವೇಳಾಪಟ್ಟಿ

ತಾನೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ ತನ್ನ ತಲೆಯ ಮೇಲೆ ಬಂದು ಕೂರುತ್ತಾಳೆಂದರೆ ಯಾರಿಗೆ ತಾನೇ ತುತ್ತು ಗಂಟಲಲ್ಲಿ ಇಳಿದೀತು? ದೊಡ್ಡೋರಿಗಂತೂ ಇಳಿಯಲಿಲ್ಲ. ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. ಮುಖ್ಯಸ್ಥರ ಹುದ್ದೆ ಈ ಸಲ ತಮ್ಮದೇ ಎಂದು ಹೆಂಡತಿಗೆ, ಹೆಂಡತಿಯ ಮೂಲಕ ನೆಂಟರಿಷ್ಟರಿಗೆಲ್ಲ ಸಾರಿಯಾಗಿತ್ತು. ಈಗ ನೋಡಿದರೆ ಕಚೇರಿಯ ಒಡತಿ ಮೇಡಂ ಒಲವೆಲ್ಲ ಕಿರಿಯ ಎಂಜಿನಿಯರ್ ಹುಡುಗಿಯ ಕಡೆ. "ಅವಳ ಕೈಕೆಳಗೆ ಹೇಗ್ರೀ ಇರ್ತೀರಾ?" ಎಂದು ಹೆಂಡತಿ ಕೇಳಿದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು.

ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ವರ್ಷದ ಬಿಸಿಲು, ಗಾಳಿ, ದೀಪ, ಜನರ ಮೈಬಿಸಿ ಎಲ್ಲ ಸೇರಿಸಿ, ಯಾವ ಕೋಣೆ ಎಷ್ಟು ಕಾಯುತ್ತದೆಂದು ಹೇಳುವುದು ಆ ಕಚೇರಿಯ ಕಸುಬು. ಹುಡುಗಿ ಮಾಡುತ್ತಿದ್ದುದು ಅವರದೇ ಹೊಸ ಕಚೇರಿಯ ಮಾದರಿ. ಅದನ್ನು ಸಭೆಯಲ್ಲಿ ಚೆನ್ನಾಗಿ ತೋರಿಸಿದರೆ ಹುದ್ದೆ ಅವಳದು.

ದೊಡ್ಡೋರು ಅವಸರಪಡಲಿಲ್ಲ. ದಡ್ಡರು ಗೋಡೆಯ ದಪ್ಪ ಬದಲಿಸುತ್ತಾರೆ, ಸಿಕ್ಕಿಬೀಳುತ್ತಾರೆ. ಇವರು ಆರಿಸಿದ್ದು ಸಭಾಕೋಣೆಯ ಫಾಲ್ಸ್ ಸೀಲಿಂಗಿನ ಮೇಲಿನ ಟೊಳ್ಳು. ಮಾದರಿಯಲ್ಲಿ ಅದೂ ಒಂದು ಕೋಣೆಯೇ, ಆದರೆ ಹಳೇ ಮನೆಯ ಅಟ್ಟದ ಹಾಗೆ ಯಾರೂ ಇಣುಕುವುದಿಲ್ಲ. ಹುಡುಗಿ ಊಟಕ್ಕೆ ಹೋದಾಗ ಅಲ್ಲೊಂದು ಬೇಕರಿ ಒಲೆಯಷ್ಟು ಬಿಸಿ ಬಚ್ಚಿಟ್ಟರು.

ಒಲೆ ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂದು ಮಾದರಿಗೆ ಒಂದು ವೇಳಾಪಟ್ಟಿ ಹೇಳಬೇಕು. ಹೊಸ ವೇಳಾಪಟ್ಟಿ ಬರೆದರೆ ಕಣ್ಣಿಗೆ ಹೊಡೆಯುತ್ತದೆ; ಇದ್ದುದರಲ್ಲೇ ಒಂದನ್ನು ತಗುಲಿಸುವುದು ಜಾಣತನ. ಜನ ಕೋಣೆಯಲ್ಲಿರುವ ಹೊತ್ತನ್ನು ಹೇಳುವ ಪಟ್ಟಿಗಳು ಬರೀ ಅಂಕಿಗಳ ಹೆಸರಿನಲ್ಲಿ ಸಾಲಾಗಿದ್ದವು. ಹೆಚ್ಚಿನವು ಗಡಿಯಾರ ನುಂಗಿದವರ ದಿನಚರಿ. ಏಳನೆಯದು ಮಾತ್ರ ಬೇರೆ: ಎಲ್ಲರ ಅರ್ಧ ಕೆಲಸ ಮುಗಿದ ಮೇಲೆ ಇದರ ಶುರು, ಚಹಾಕ್ಕೆ ಉದ್ದನೆಯ ಬಿಡುವು, ಊಟದ ಮೇಲೆ ಒಂದು ನಿದ್ದೆಯಷ್ಟು ಬಿಡುವು, ಸಂಜೆಗೆ ಮುಂಚೆಯೇ ಬಂದ್. ಸೋಮವಾರ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದ್ಯಾವ ಮೈಗಳ್ಳನ ಕಲ್ಪನೆಯೋ ಎಂದು ದೊಡ್ಡೋರು ಮೂಗು ಮುರಿದರು. ಇಂಥ ತಲೆಬುಡವಿಲ್ಲದ ಏರಿಳಿತದ ಕಾರಣವನ್ನು ಬ್ರಹ್ಮ ಬಂದರೂ ಹಿಡಿಯಲಾರ. ಅದನ್ನೇ ಒಲೆಗೆ ಕಟ್ಟಿದರು.

ಸಭೆಯ ದಿನ ಪರದೆಯ ಮೇಲೆ ಸಭಾಕೋಣೆ ಕುದಿಯಿತು. ಹುಡುಗಿ ಗೋಡೆ ನೋಡಿದಳು, ಕಿಟಕಿ ನೋಡಿದಳು, ಎಸಿ ನೋಡಿದಳು, ಎಲ್ಲ ಸರಿಯಿತ್ತು. ಅವಳ ಮುಖ ಬಿಳಿಚಿತು, ದೊಡ್ಡೋರ ಹೊಟ್ಟೆ ತಣ್ಣಗಾಯಿತು. ಅವಳು ಸಾಕಷ್ಟು ಬೆವರಿದ ಮೇಲೆ ಎದ್ದು ಗಂಟಲು ಸರಿಮಾಡಿಕೊಂಡರು.

"ಗೋಡೆ ಕಿಟಕಿ ಬಿಡಮ್ಮ. ಫಾಲ್ಸ್ ಸೀಲಿಂಗ್ ಮೇಲೆ ನೋಡು. ಬಿಸಿ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ನೋಡಿದ್ರೆ ಕಳ್ಳ ಅಲ್ಲೇ ಸಿಗ್ತಾನೆ. ಇದೆಲ್ಲ ಅನುಭವದಿಂದ ಬರೋದು."

ಹುಡುಗಿ ನೋಡಿದಳು. ಒಲೆ ಸಿಕ್ಕಿತು. ಚಪ್ಪಾಳೆ ಬಿತ್ತು, ದೊಡ್ಡೋರು ಬೇಡ ಬೇಡ ಎಂಬಂತೆ ಕೈ ಅಲ್ಲಾಡಿಸಿದರು. ಹುದ್ದೆ ಅಂಗೈಗೆ ಬಂದೇಬಿಟ್ಟಿತು ಅನ್ನಿಸಿ ಅವರಿಗೆ ಕಣ್ಣಲ್ಲಿ ನೀರೇ ಬಂತು.

ಇಷ್ಟು ಹೇಳಿದವರು ಕಳ್ಳನನ್ನೂ ತೋರಿಸಲಿ ಎಂದರು ಮೇಡಂ. ಹುಡುಗಿ ವಾರದ ಏರಿಳಿತದ ಗೆರೆಯನ್ನು ಪರದೆಗೆ ತಂದಳು. ಗೆರೆ ತಡವಾಗಿ ಎದ್ದಿತು, ಚಹಾಕ್ಕೆ ಇಳಿಯಿತು, ಊಟದ ಮೇಲೆ ತೂಕಡಿಸಿತು, ಸಂಜೆಗೆ ಮುಂಚೆ ಮನೆಗೆ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಕೋಣೆಯಿಡೀ ನಕ್ಕಿತು. ನಗದೇ ಇದ್ದವರು ಇಬ್ಬರೇ, ಮೇಡಂ ಮತ್ತು ಏನೂ ಅರ್ಥವಾಗದ ದೊಡ್ಡೋರು. ಇದು ಎಲ್ಲಿಯ ಪಟ್ಟಿ ಎಂದು ಮೇಡಂ ಕೇಳಿದಾಗ ಹುಡುಗಿ ತಲೆ ಎತ್ತದೆ ಹೇಳಿದಳು: "ಹೊಸ ಕಟ್ಟಡಕ್ಕೂ ಬರೋದು ನಾವೇ ಅಲ್ವಾ ಮೇಡಂ, ಅದಕ್ಕೇ ಎಲ್ಲರೂ ಬಾಗಿಲಲ್ಲಿ ಕಾರ್ಡ್ ತೋರಿಸಿ ಬಂದುಹೋದ ಹೊತ್ತು ನೋಡಿ ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ಮಾಡಿದ್ದೆ, ಕುರ್ಚಿ ನಂಬರ್ ಪ್ರಕಾರ. ಏಳನೇದು ಸರ್‌ದು."